ಸಂತೆಗೆ ಬಾಗಿಲಿಲ್ಲ

ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಾಟಕ ಕಂಪನಿ. 1884ರಲ್ಲಿ ಹುಟ್ಟಿದ ಆ ಕಂಪನಿಯಿಂದ, ಮುಂದೆ ಅದನ್ನು ಬೆಳೆಸಿದ ವೀರಣ್ಣನವರಿಂದ ಗುಬ್ಬಿಯ ಹೆಸರು ನಾಡಿನ ಮನೆಮಾತಾಯಿತು. ಆದರೆ ಅದಕ್ಕೂ ಬಹಳ ಹಿಂದೆಯೇ ಈ ಊರಿನ ಹೆಸರು ದೂರದೂರದ ವರ್ತಕರ ಬಾಯಲ್ಲಿ ಓಡಾಡುತ್ತಿತ್ತು. ಅಡಿಕೆಯ ಊರು, ತೆಂಗಿನ ಊರು, ಸಂತೆಯ ಊರು ಎಂದು. ಆ ಸಂತೆಯನ್ನು ನೋಡಿಕೊಂಡು ಬರೋಣವೆಂದು ನಾವು ಕೆಲವು ಗೆಳೆಯರು ಒಂದು ಸಂತೆಯ ದಿನ ಬೆಳಿಗ್ಗೆ ತುಮಕೂರಿನಿಂದ ಹೊರಟೆವು.

ತುಮಕೂರು ಕೂಡ ವ್ಯಾಪಾರದಿಂದಲೇ ಬೆಳೆದ ಊರು. ಮಂಡಿಪೇಟೆ, ಚಿಕ್ಕಪೇಟೆ, ಹೊರಪೇಟೆ ಎಂಬ ಹೆಸರುಗಳೇ ಅದಕ್ಕೆ ಸಾಕ್ಷಿ. ಊರಿನ ಹೆಸರನ್ನು 2014ರಲ್ಲಿ ಸರ್ಕಾರ ತಿದ್ದಿತು. ಪೇಟೆಗಳ ಹೆಸರನ್ನು ಯಾರೂ ತಿದ್ದಲಿಲ್ಲ, ತಿದ್ದುವ ಅಗತ್ಯವೂ ಬೀಳಲಿಲ್ಲ. ಗುಬ್ಬಿ ಗೇಟ್ ದಾಟಿ ನಮ್ಮ ಬಸ್ಸು ತೆಂಗಿನ ತೋಟಗಳ ನಡುವೆ ಸಾಗುವಾಗ ನಮ್ಮ ಮಾತೆಲ್ಲ ಎರಡು ಶತಮಾನಗಳ ಹಿಂದೆ ಇದೇ ಸೀಮೆಯಲ್ಲಿ ತಿರುಗಾಡಿದ ಒಬ್ಬ ಪ್ರವಾಸಿಯ ಕುರಿತಾಗಿತ್ತು.

ಬುಕಾನನ್ ಕಂಡ ಗುಬ್ಬಿ

ಆತನ ಹೆಸರು ಫ್ರಾನ್ಸಿಸ್ ಬುಕಾನನ್. ಸ್ಕಾಟ್ಲೆಂಡಿನ ವೈದ್ಯ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹುತಾತ್ಮನಾದ ಮೇಲೆ, ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಏನು ಮಾರುತ್ತಾರೆ, ಜನ ಹೇಗೆ ಬದುಕುತ್ತಾರೆ ಎಂದು ತಿಳಿದು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಆತನನ್ನು ಕಳುಹಿಸಿದ. 1800ರಲ್ಲಿ ಮದರಾಸಿನಿಂದ ಹೊರಟ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಬರೆದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕಂಪನಿ ಸರ್ಕಾರದ ಲಾಭಕ್ಕಾಗಿ ಮಾಡಿದ ಕೆಲಸವಾದರೂ, ಅಂದಿನ ನಮ್ಮ ರೈತ, ನೇಕಾರ, ವರ್ತಕರ ಬದುಕಿನ ಲೆಕ್ಕ ಅಷ್ಟು ವಿವರವಾಗಿ ಬೇರೆಲ್ಲೂ ಸಿಗುವುದಿಲ್ಲ.

ಅವನು ಕಂಡ ಗುಬ್ಬಿಯಲ್ಲಿ ಇದ್ದದ್ದು ಮುನ್ನೂರೈವತ್ತರ ಆಸುಪಾಸಿನ ಮನೆಗಳು. ಅಂಗಡಿಗಳು ಮಾತ್ರ ಸುಮಾರು ನೂರೈವತ್ತು! ಅಂದರೆ ಎರಡೋ ಮೂರೋ ಮನೆಗೆ ಒಂದು ಅಂಗಡಿ. ಅಷ್ಟು ಅಂಗಡಿಗಳು ಆ ಊರಿನ ಜನರ ಕೊಳ್ಳುವಿಕೆಯಿಂದ ಬದುಕಿರಲು ಸಾಧ್ಯವಿಲ್ಲ. ಅವು ಬದುಕಿದ್ದು ಹೊರಗಿನವರಿಂದ. ಪಶ್ಚಿಮಕ್ಕೆ ನಗರದ ಮಲೆನಾಡು, ಪೂರ್ವಕ್ಕೆ ತಮಿಳು ಸೀಮೆಯ ವಾಲಾಜಾಪೇಟೆ. ಇವೆರಡರ ನಡುವಣ ಅಡಿಕೆ ವ್ಯಾಪಾರಕ್ಕೆ ಗುಬ್ಬಿ ತಂಗುಮನೆಯಾಗಿತ್ತು. ಎತ್ತುಗಳ ಬೆನ್ನಿಗೆ ಹೇರು ಕಟ್ಟಿಕೊಂಡು ಬಂದವರು ಇಲ್ಲಿ ಇಳಿಸುತ್ತಿದ್ದರು, ಇಲ್ಲಿಂದ ಮತ್ತೊಬ್ಬರು ಹೊತ್ತು ಸಾಗುತ್ತಿದ್ದರು. ಹೊಸಹಳ್ಳಿಯ ಗೌಡರ ಮನೆತನ ಈ ಊರನ್ನು ಕಟ್ಟಿಸಿತೆಂದು ಇತಿಹಾಸ ಹೇಳುತ್ತದೆ. ಕಟ್ಟಿಸಿದವರು ಊರಿನವರೇ ಇರಬಹುದು, ಆದರೆ ಅದನ್ನು ಪೇಟೆ ಮಾಡಿದವರು ದಾರಿಹೋಕರು.

ಬಣಜಿಗರು, ಕೋಮಟಿಗರು, ಮುಸ್ಲಿಮರು, ಉಪ್ಪು ಧಾನ್ಯಗಳನ್ನು ಹೇರುವ ಲಂಬಾಣಿಗಳು, ಅಂದಿನ ಕನ್ನಡ ನಾಡಿನ ವ್ಯಾಪಾರವೆಂದರೆ ಇವರೆಲ್ಲರೂ ಸೇರಿ ಎಳೆದ ತೇರು. 1791ರ ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ ಈ ಭಾಗದ ಹಳ್ಳಿಗಳನ್ನು ಸೂರೆ ಮಾಡಿತ್ತು. ಆ ಗಾಯ ಆರುವ ಮೊದಲೇ ಮತ್ತೊಂದು ಯುದ್ಧ ಬಂತು, ರಾಜ್ಯವೇ ಕೈಬದಲಾಯಿತು. ಇಷ್ಟಾಗಿಯೂ ಬುಕಾನನ್ ಬರುವ ಹೊತ್ತಿಗೆ ಗುಬ್ಬಿಯ ಪೇಟೆ ನಡೆಯುತ್ತಲೇ ಇತ್ತು. ಅರಮನೆಗಳು ಬಿದ್ದಲ್ಲಿ ಬಿದ್ದಿರುತ್ತವೆ. ಸಂತೆ ಮಾತ್ರ ಮುಂದಿನ ವಾರಕ್ಕೆ ಎದ್ದು ನಿಲ್ಲುತ್ತದೆ.

ಮೆಣಸಿನಕಾಯಿಯ ರಾಶಿಯ ಮುಂದೆ

ಇಂದಿನ ಸಂತೆಯಲ್ಲಿ ಎತ್ತುಗಳ ಬದಲು ಸರಕು ಸಾಗಿಸುವ ಆಟೋಗಳು ನಿಂತಿರುತ್ತವೆ. ಪ್ಲಾಸ್ಟಿಕ್ ಹಾಳೆ ಹಾಸಿ ಸೊಪ್ಪು, ತರಕಾರಿ, ಕಡಲೆಕಾಯಿ, ವೀಳ್ಯದೆಲೆಯ ಕಟ್ಟು, ಬಟ್ಟೆ, ಬಳೆ, ಕುಡುಗೋಲು ಎಲ್ಲವನ್ನೂ ಹರಡಿರುತ್ತಾರೆ. ನಾವು ಒಣಮೆಣಸಿನಕಾಯಿಯ ರಾಶಿಯ ಮುಂದೆ ನಿಂತೆವು. "ಏನ್ ಸಾಬ್ರೆ, ಬರೀ ನೋಡೋದೇನಾ, ತಗಳ್ಳೋದು ಇಲ್ವಾ?" ಎಂದರು ಆ ಅಜ್ಜಿ. "ನೋಡೋಕೇ ಬಂದಿದ್ದೀವಿ ಅಮ್ಮಾ" ಎಂದರೆ ನಕ್ಕು, "ನೋಡೋಕೆ ಸುಂಕ ಇಲ್ಲ, ನೋಡ್ರಪ್ಪ" ಎಂದರು. ಕಾಲು ಕಿಲೋ ಕೊಂಡೆವು.

ಈ ಮೆಣಸಿನಕಾಯಿ ನಮ್ಮದಲ್ಲ. ಅದು ಮೆಕ್ಸಿಕೋ ಸೀಮೆಯ ಬೆಳೆ. ಪೋರ್ಚುಗೀಸರು ಬರುವವರೆಗೆ ನಮ್ಮ ಅಡುಗೆಯ ಖಾರವೆಂದರೆ ಕರಿಮೆಣಸು. ಟೊಮೆಟೊ ಎಂಬ ಹೆಸರೇ ಅಲ್ಲಿನ ಮೂಲನಿವಾಸಿಗಳ ನಹುವಾತ್ಲ್ ಭಾಷೆಯದು. ಸೀಬೆ, ಸೀತಾಫಲ, ಮುಸುಕಿನ ಜೋಳ, ಕಡಲೆಕಾಯಿ, ಆಲೂಗಡ್ಡೆ ಎಲ್ಲವೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಪರಂಗಿ ಹಣ್ಣಂತೂ ಪರಂಗಿಯವರ ಹೆಸರನ್ನೇ ಹೊತ್ತುಕೊಂಡು ಕೂತಿದೆ. ಹೋಗಲಿ, ನಮ್ಮ ಮುದ್ದೆಯ ರಾಗಿಯಾದರೂ ನಮ್ಮದೇ? ಅದೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದಿಂದ ಬಂದದ್ದು. ತುಮಕೂರಿನ ಮಾರುಕಟ್ಟೆಗೆ ಹೆಸರು ತಂದ ಹುಣಸೆಯ ಮೂಲವೂ ಆಫ್ರಿಕವೇ. ಆದರೆ ಅದನ್ನು ನಮ್ಮಲ್ಲಿಂದ ಕೊಂಡೊಯ್ದ ಅರಬರು 'ತಮ್ರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಆ ಹೆಸರಿನಿಂದ. ಆಫ್ರಿಕದ ಮರ, ನಮ್ಮ ನೆಲ, ಅರಬರ ನಾಮಕರಣ! ಎಷ್ಟು ತಲೆಮಾರು ಕಳೆದರೆ ಹೊರಗಿನದು ನಮ್ಮದಾಗುತ್ತದೆ ಎಂಬ ಪ್ರಶ್ನೆಗೆ ಸಂತೆ ಎಂದೋ ಉತ್ತರ ಕೊಟ್ಟಾಗಿದೆ.

ಮೆಣಸಿನಕಾಯಿಯ ತವರಿನಲ್ಲೂ ಸಂತೆಯದೇ ವೈಭವ. 1519ರಲ್ಲಿ ಸ್ಪೇನಿನ ಕೊರ್ತೆಸ್ ಅಜ್ಟೆಕ್ ರಾಜಧಾನಿಗೆ ಹೋದಾಗ ತ್ಲಾತೆಲೊಲ್ಕೊ ಎಂಬಲ್ಲಿನ ಬಯಲು ಮಾರುಕಟ್ಟೆಯನ್ನು ಕಂಡು ಬೆರಗಾದ. ದಿನಕ್ಕೆ ಅರವತ್ತು ಸಾವಿರ ಜನ ಸೇರುತ್ತಾರೆಂದು ತನ್ನ ದೊರೆಗೆ ಬರೆದ. ಒಂದೊಂದು ಸರಕಿಗೆ ಒಂದೊಂದು ಸಾಲು, ಚಿಲ್ಲರೆಯ ಬದಲಿಗೆ ಕೋಕೋ ಬೀಜ. ಮಾರುಕಟ್ಟೆಯ ನಡುವೆಯೇ ನ್ಯಾಯಾಧೀಶರು ಕುಳಿತು ವ್ಯಾಜ್ಯ ತೀರಿಸುತ್ತಿದ್ದರು, ಅಧಿಕಾರಿಗಳು ಸುತ್ತುತ್ತಾ ಸುಳ್ಳು ಅಳತೆಯ ಪಾತ್ರೆ ಕಂಡರೆ ಅಲ್ಲೇ ಒಡೆದುಹಾಕುತ್ತಿದ್ದರು. ಎರಡು ವರ್ಷದಲ್ಲಿ ಆ ರಾಜಧಾನಿ ಕೊರ್ತೆಸನ ಕೈಯಲ್ಲೇ ಹಾಳಾಯಿತು. ಆದರೆ ಬಯಲು ಸಂತೆಗೆ ಅಲ್ಲಿನವರು ಇಟ್ಟಿದ್ದ ಹಳೆಯ ಹೆಸರು 'ತಿಯಾಂಗಿಸ್' ಎಂಬ ರೂಪದಲ್ಲಿ ಇಂದಿಗೂ ಮೆಕ್ಸಿಕೋದ ಬಾಯಲ್ಲಿದೆ. ಅಲ್ಲಿನ ಒಆಹಾಕ ಕಣಿವೆಯಲ್ಲಿ ವಾರದ ಒಂದೊಂದು ದಿನ ಒಂದೊಂದು ಊರಿನಲ್ಲಿ ಸಂತೆ. ನಮ್ಮ ವ್ಯಾಪಾರಿಗಳೂ ಹಾಗೆಯೇ, ಇಂದು ಈ ಊರು, ನಾಳೆ ಪಕ್ಕದೂರು ಎಂದು ವಾರವಿಡೀ ಗಂಟು ಹೊತ್ತು ತಿರುಗುವವರು.

ತಕ್ಕಡಿ ಮತ್ತು ಮಾತು

ಅಪರಿಚಿತರು ಅಪರಿಚಿತರೊಂದಿಗೆ ವ್ಯಾಪಾರ ಮಾಡಬೇಕಾದರೆ ಇಬ್ಬರೂ ಒಪ್ಪುವ ಒಂದು ಸಾಕ್ಷಿ ಬೇಕು. ಅದೇ ತಕ್ಕಡಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳನ್ನು ನೋಡಿಕೊಳ್ಳಲು ಪೌತವಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಮುಸ್ಲಿಮ್ ನಗರಗಳಲ್ಲಿ ಈ ಕೆಲಸ ಮುಹ್ತಸಿಬ್‌ನದು. ಖಲೀಫ ಉಮರ್ ಅವರು ಮದೀನಾದ ಮಾರುಕಟ್ಟೆಯ ಉಸ್ತುವಾರಿಯನ್ನು ಶಿಫಾ ಬಿಂತ್ ಅಬ್ದುಲ್ಲಾ ಎಂಬ ಮಹಿಳೆಗೆ ವಹಿಸಿದ್ದರೆಂಬ ಉಲ್ಲೇಖವೂ ಇದೆ. ಕುರ್‌ಆನಿನ 83ನೆಯ ಅಧ್ಯಾಯದ ಹೆಸರೇ ಅಳತೆಯಲ್ಲಿ ಮೋಸ ಮಾಡುವವರನ್ನು ಕುರಿತದ್ದು.

ಪ್ರವಾದಿ ಮುಹಮ್ಮದ್ (ಸ) ಮದೀನಾದಲ್ಲಿ ಮಾರುಕಟ್ಟೆಗೆ ಜಾಗ ಗುರುತಿಸಿದಾಗ ಅಲ್ಲಿ ಸುಂಕ ವಿಧಿಸಬಾರದೆಂದು ಹೇಳಿದರೆಂದು ಪರಂಪರೆ ತಿಳಿಸುತ್ತದೆ. ಮಾರುಕಟ್ಟೆಯ ಜಾಗ ಮಸೀದಿಯ ಜಾಗವಿದ್ದಂತೆ, ಮೊದಲು ಬಂದು ಕುಳಿತವರಿಗೆ ಅವರು ಏಳುವವರೆಗೆ ಅದು ಸಲ್ಲುತ್ತದೆ ಎಂಬುದು ಆ ಆರಂಭದ ಕಾಲದ ನಿಯಮ. ಹುಟ್ಟಿನಿಂದ ಯಾರಿಗೂ ಅಲ್ಲಿ ಕಾದಿರಿಸಿದ ಸ್ಥಳವಿರಲಿಲ್ಲ. ನಮ್ಮ ಸಂತೆಯ ಹಳೆಯ ರೂಢಿಯೂ ಇದೇ ಅಲ್ಲವೇ? ಬೆಳಿಗ್ಗೆ ಬೇಗ ಬಂದವನಿಗೆ ಮರದ ನೆರಳು, ತಡವಾಗಿ ಬಂದವನಿಗೆ ಬಿಸಿಲು.

ಬುಕಾನನ್ ಊರೂರಿಗೂ ಬದಲಾಗುವ ಸೇರು, ಮಣ, ಕೊಳಗಗಳನ್ನು ತಾಳ್ಮೆಯಿಂದ ಬರೆದುಕೊಂಡ. ಸ್ವತಂತ್ರ ಭಾರತ 1956ರಲ್ಲಿ ಕಾಯ್ದೆ ತಂದು, 1960ರ ದಶಕದ ಆರಂಭದ ಹೊತ್ತಿಗೆ ಕಿಲೋ ಲೀಟರುಗಳನ್ನು ಕಡ್ಡಾಯ ಮಾಡಿತು. ಹಾಗಿದ್ದೂ ಸಂತೆಯಲ್ಲಿ ಪಾವು, ಸೇರು ಎಂಬ ಮಾತು ಇನ್ನೂ ಪೂರ್ತಿ ಸತ್ತಿಲ್ಲ. ತೂಕ ಮುಗಿದ ಮೇಲೆ ಕೊಸರು ಹಾಕುವುದೂ ನಿಂತಿಲ್ಲ. ಕೊಸರಿಗೆ ಯಾವ ಕಾಯ್ದೆಯೂ ಇಲ್ಲ. ಅದು ಕೇವಲ ಮನುಷ್ಯ ಸಂಬಂಧ.

ಮಾತನ್ನು ಕೇಳುತ್ತಾ ನಿಂತರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಸಂತೆ, ಅಂಗಡಿ, ಬೆಲೆ, ತೂಕ ನಮ್ಮಲ್ಲಿ ಹಳೆಯ ಮಾತುಗಳು. ಬಜಾರು, ದಲ್ಲಾಳಿ, ನಗದು, ಬಾಕಿ, ರಸೀದಿ, ಮಾಲು, ಹರಾಜು, ತಕರಾರು ಇವು ಅರಬಿ ಪಾರಸಿಗಳಿಂದ ಬಂದವು. ತರಕಾರಿಯೂ ಪಾರಸಿಯ ಕೊಡುಗೆಯೇ. ಜಕಾತಿ ಎಂಬ ಸುಂಕದ ಹೆಸರಿನಲ್ಲಿ ಝಕಾತ್ ಇದೆ. ಲಿಲಾವು ಪೋರ್ಚುಗೀಸರದು, ಕಮಿಷನ್ ಇಂಗ್ಲಿಷಿನದು. ತರಕಾರಿಯ ಚೌಕಾಸಿಗೆ ನಿಂತ ಗೃಹಿಣಿ ಅರ್ಧ ನಿಮಿಷದಲ್ಲಿ ನಾಲ್ಕು ನಾಡಿನ ಮಾತನ್ನಾಡುತ್ತಾಳೆ, ಆದರೂ ಅದು ಅಚ್ಚ ತುಮಕೂರಿನ ಕನ್ನಡ. ಈ ಪದಗಳನ್ನು ಯಾರೂ ಹೇರಿದ್ದಲ್ಲ. ಜೊತೆಗೆ ಕೂತು ವ್ಯಾಪಾರ ಮಾಡಿದವರ ನಡುವೆ ತಾವಾಗಿ ಉಳಿದುಕೊಂಡದ್ದು.

ಕುಣಿಗಲ್ಲಿನ ದಾರಿಯಲ್ಲಿ

ಗುಬ್ಬಿಯಿಂದ ನಾವು ಕುಣಿಗಲ್ ಕಡೆಗೆ ಹೊರಟೆವು. ಜನಪದರು ಹಾಡಿ ಹೊಗಳಿದ ದೊಡ್ಡ ಕೆರೆಯ ಊರು ಅದು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಒದಗಿಸಲು ಆರಂಭವಾದ ಕುದುರೆ ಫಾರ್ಮಿನಿಂದಲೂ ಅದಕ್ಕೆ ಹೆಸರು. ಕುದುರೆ ಅರಸರ ಸೊತ್ತು. ರೈತನ ಸೊತ್ತು ದನ. ಹಳ್ಳಿಕಾರ್ ಎತ್ತುಗಳ ಸೀಮೆಯಿದು. ಮೈಸೂರು ಅರಸರ 'ಬೆಣ್ಣೆ ಚಾವಡಿ'ಯನ್ನು ಅಮೃತ ಮಹಲ್ ಎಂದು ಕರೆದು, ಆ ದನಗಳಿಂದ ತೋಪು ಎಳೆಸಿದವನು ಟಿಪ್ಪು.

ದನದ ಸಂತೆಯ ವ್ಯಾಪಾರ ನೋಡುವಂಥದ್ದು. ಕೊಳ್ಳುವವನೂ ಮಾರುವವನೂ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಅರಬ್ ಕೊಲ್ಲಿಯ ಮುತ್ತಿನ ವ್ಯಾಪಾರಿಗಳೂ ಹೀಗೆಯೇ ಬಟ್ಟೆಯ ಕೆಳಗೆ ಬೆರಳಿನಲ್ಲಿ ಮಾತಾಡುತ್ತಿದ್ದರು. ಗೌಡರ ಬೆರಳು ಸಾಹೇಬರ ಬೆರಳನ್ನು ಮುಟ್ಟಿಯೇ ಈ ವ್ಯಾಪಾರ ಕುದುರಬೇಕು. ಮುಟ್ಟಿಸಿಕೊಳ್ಳದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಈಗ ದನದ ಸಂತೆಗಳು ಸೊರಗಿವೆ. ಟ್ರ್ಯಾಕ್ಟರ್ ಬಂತು, 2021ರಲ್ಲಿ ಜಾನುವಾರು ಹತ್ಯೆ ತಡೆಯ ಹೊಸ ಕಾಯ್ದೆ ಜಾರಿಯಾಯಿತು, 2022ರಲ್ಲಿ ಚರ್ಮಗಂಟು ರೋಗದಿಂದಾಗಿ ದನದ ಸಂತೆ ಜಾತ್ರೆಗಳಿಗೆ ತಡೆ ಬಿತ್ತು.

ಆದರೆ ಸಂತೆಗೆ ತಗುಲಿದ ದೊಡ್ಡ ರೋಗ ಬೇರೆ. 2020ರ ಏಪ್ರಿಲಿನಲ್ಲಿ ಕೊರೋನದ ಭಯದ ನಡುವೆ ಮುಸ್ಲಿಮ್ ತಳ್ಳುಗಾಡಿಯವರಿಂದ ಹಣ್ಣು ಕೊಳ್ಳಬೇಡಿ ಎಂಬ ವದಂತಿ ಹಬ್ಬಿತು. ಇಡೀ ಸಮುದಾಯದ ಮೇಲೆ ಆರೋಪ ಹೊರಿಸುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಎಚ್ಚರಿಸಬೇಕಾಯಿತು. 2022ರ ಮಾರ್ಚಿನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಫಲಕಗಳು ಎದ್ದವು, ಕೂಗು ಬೇರೆ ಜಿಲ್ಲೆಗಳಿಗೂ ಹರಡಿತು. ಆಧಾರವಾಗಿ ತೋರಿಸಿದ್ದು ಧಾರ್ಮಿಕ ದತ್ತಿ ಇಲಾಖೆಯ 2002ರ ನಿಯಮಗಳಲ್ಲಿನ ಒಂದು ಉಪನಿಯಮ. ದೇವಾಲಯದ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂದು ಅದು ಹೇಳುತ್ತದೆ. ಒಂದು ದಿನ ಬೀದಿಯಲ್ಲಿ ಬಳೆ ಹರಡಿ ಕೂರುವುದು ನಿವೇಶನದ ಗುತ್ತಿಗೆ ಹೇಗಾಗುತ್ತದೆ? ದೇವಾಲಯ ತನ್ನ ಅಂಗಳದ ಶಿಸ್ತನ್ನು ನೋಡಿಕೊಳ್ಳಲಿ, ಅದು ಅದರ ಹಕ್ಕು. ಬೀದಿ ಎಲ್ಲರದು. ಅದೇ ಏಪ್ರಿಲಿನಲ್ಲಿ ಧಾರವಾಡದ ನುಗ್ಗಿಕೇರಿಯಲ್ಲಿ ವೃದ್ಧ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆದಾಗ, ನೊಂದು ನೆರವಿಗೆ ಬಂದವರಲ್ಲಿ ಎಲ್ಲ ಧರ್ಮದವರೂ ಇದ್ದರೆಂಬುದನ್ನೂ ನಾವು ಮರೆಯಬಾರದು.

ಗುಬ್ಬಿಯ ಸಂತೆಯಲ್ಲಿ ಬಳೆ ಮಾರುವ ಬೂಬಮ್ಮ ಒಬ್ಬರನ್ನು ಈ ಬಗ್ಗೆ ಕೇಳಿದ್ದೆವು. ಒಬ್ಬ ಹುಡುಗಿಯ ಕೈಯನ್ನು ಮೆತ್ತಗೆ ಒತ್ತಿ ಹಸಿರು ಬಳೆ ತೊಡಿಸುತ್ತಿದ್ದ ಅವರು ತಲೆ ಎತ್ತಲಿಲ್ಲ. "ಇವಳ ಅವ್ವನಿಗೂ ನಾನೇ ತೊಡ್ಸಿದ್ದು, ಮದುವೇಲಿ" ಎಂದರಷ್ಟೆ. ಉತ್ತರ ಅದರಲ್ಲೇ ಇತ್ತು.

ನಮ್ಮ ಕರ್ತವ್ಯವೂ ಇಲ್ಲಿದೆ. ನಮ್ಮನ್ನು ಸಂತೆಯಿಂದ ಹೊರಗಿಡಬೇಡಿ ಎಂದು ಕೇಳುವ ನಾವು ನಮ್ಮ ತಕ್ಕಡಿ ನೆಟ್ಟಗಿದೆಯೇ, ನಮ್ಮ ಮಾತು ಮೃದುವಾಗಿದೆಯೇ, ನಮ್ಮ ಕೇರಿಯ ಅಂಗಡಿಗೆ ಬಂದ ಬೇರೆಯವರಿಗೆ ಗೌರವ ಸಿಗುತ್ತಿದೆಯೇ ಎಂದು ನೋಡಿಕೊಳ್ಳಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಪಟ್ಟಣಗಳಲ್ಲಿ ಐವತ್ತು ವರ್ಷ ದಾಟಿದ ಬೀದಿ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಗುರುತಿಸಿ ಉಳಿಸಿಕೊಳ್ಳಬೇಕೆನ್ನುತ್ತದೆ. ನಮ್ಮ ಪುರಸಭೆಗಳೂ ವ್ಯಾಪಾರಿಗಳೂ ಅದನ್ನು ಓದಿ ಬಳಸಿಕೊಳ್ಳುವುದು ಒಳ್ಳೆಯದು.

ಕೋಟೆಗೆ ಬಾಗಿಲಿದೆ, ಗುಡಿಗೆ, ಮಸೀದಿಗೆ, ಮನೆಗೆ ಬಾಗಿಲಿದೆ. ಸಂತೆಗೆ ಬಾಗಿಲಿಲ್ಲ. ಬಾಗಿಲು ಇಟ್ಟ ದಿನ ಅದು ಸಂತೆಯಾಗಿ ಉಳಿಯುವುದಿಲ್ಲ, ಗುಬ್ಬಿಯೂ ಪೇಟೆಯಾಗಿ ಉಳಿಯುತ್ತಿರಲಿಲ್ಲ. ಕತ್ತಲಾಗುವ ಹೊತ್ತಿಗೆ ತುಮಕೂರಿಗೆ ಮರಳಿದೆವು. ಚೀಲ ಬಿಚ್ಚಿ ನೋಡಿದರೆ ಅಜ್ಜಿ ಕಾಲು ಕಿಲೋ ಮೆಣಸಿನಕಾಯಿಯ ಮೇಲೆ ಒಂದು ಹಿಡಿ ಕೊಸರು ಹಾಕಿದ್ದರು.