'ದೇ' ಅಂದರೆ ಒಬ್ಬರೋ, ಹಲವರೋ?

'ಎವ್ರಿ ಯೂಸರ್ ಮಸ್ಟ್ ಚೇಂಜ್ ದೇರ್ ಪಾಸ್‌ವರ್ಡ್.' ಈ ವಾಕ್ಯ ಸರಿಯೋ ತಪ್ಪೋ? ಡಾಕ್ಯುಮೆಂಟ್ ಬರೆಯೋ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. 'ಎವ್ರಿ ಯೂಸರ್' ಏಕವಚನ, 'ದೇರ್' ಬಹುವಚನ, ಆದ್ದರಿಂದ 'ಹಿಸ್' ಅಂತಲೇ ಬರೀಬೇಕು ಅಂತ ಊರಿನ ಶಾಲೆಯಲ್ಲಿ ನಾವೆಲ್ಲ ಕಲಿತದ್ದು. ಇಲ್ಲಿ ಅಮೆರಿಕದಲ್ಲಿ ನನ್ನ ಸಹೋದ್ಯೋಗಿಗಳು ಸಲೀಸಾಗಿ 'ದೇರ್' ಅಂತ ಬರೀತಾರೆ. ಈಗಿನ ಕಾಲದವರು ಇಂಗ್ಲಿಷನ್ನು ಕೆಡಿಸಿಬಿಟ್ರು ಅಂತ ಗೊಣಗೋರೂ ಇದ್ದಾರೆ. ಆದರೆ ಇತಿಹಾಸ ಕೆದಕಿದರೆ ಕತೆ ಪೂರಾ ಉಲ್ಟಾ!

ಮೊದಲಿಗೆ, 'ದೇ' ಅನ್ನೋದು ಇಂಗ್ಲೆಂಡಿಗೆ ಹೊರಗಿನಿಂದ ಬಂದ ಪದ. ಸ್ಕ್ಯಾಂಡಿನೇವಿಯಾದಿಂದ ಬಂದು ಅಲ್ಲಿ ನೆಲೆಸಿದ ವೈಕಿಂಗರು ತಂದದ್ದು. ಅದನ್ನು ಒಬ್ಬರಿಗೇ ಬಳಸಿದ ಉದಾಹರಣೆ 1375ರ ಸುಮಾರಿನ ಕಾವ್ಯವೊಂದರಲ್ಲೇ ಸಿಗುತ್ತೆ. ಆಮೇಲೆ ಶೇಕ್ಸ್‌ಪಿಯರ್ ಬಳಸಿದ, ಜೇನ್ ಆಸ್ಟೆನ್ ಬಳಸಿದಳು. ಯಾರಿಗೂ ತೊಂದರೆ ಆಗಲಿಲ್ಲ.

ಹಾಗಾದರೆ ತಪ್ಪು ಅಂದವರು ಯಾರು? ಹದಿನೆಂಟನೇ ಶತಮಾನದ ವ್ಯಾಕರಣಕಾರರು. ಅವರಲ್ಲಿ ಮುಖ್ಯನಾದವನು ಲಿಂಡ್ಲೆ ಮರ್ರೆ, ಅಮೆರಿಕದಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದ ವಕೀಲ. 1795ರಲ್ಲಿ ಬಂದ ಅವನ ವ್ಯಾಕರಣದಲ್ಲಿ 'ದೇರ್' ಇದ್ದ ವಾಕ್ಯವನ್ನು 'ಹಿಸ್' ಅಂತ ತಿದ್ದಿ ತೋರಿಸಿದ್ದಾನೆ. ತಮಾಷೆ ಅಂದ್ರೆ, ಆ ಪುಸ್ತಕ ಬರೆದದ್ದು ಯಾರ್ಕ್ ಊರಿನ ಒಂದು ಹೆಣ್ಣುಮಕ್ಕಳ ಶಾಲೆಗೋಸ್ಕರ!

ಇನ್ನೊಂದು ಮಜಾ ನೋಡಿ. ಮರ್ರೆ ಕ್ವೇಕರ್ ಪಂಥದವನು. 'ಯೂ' ಆಗ ನಮ್ಮ 'ನೀವು' ಥರ ಬಹುವಚನ. ಅದನ್ನು ಒಬ್ಬನಿಗೆ ಬಳಸೋದು ತಪ್ಪು, 'ದೌ' ಅನ್ನಿ ಅಂತ ಅದೇ ಪಂಥದ ಜಾರ್ಜ್ ಫಾಕ್ಸ್ ಮತ್ತು ಸಂಗಡಿಗರು 1660ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದರು. ಜನ ಕೇಳಲಿಲ್ಲ. ಇವತ್ತು 'ಯೂ' ಏಕವಚನ ಅಲ್ಲ ಅಂತ ಯಾರಾದರೂ ತಕರಾರು ತೆಗೀತಾರಾ?

ಇದೆಲ್ಲ ಬರೀ ಪಂಡಿತರ ಜಗಳ ಆಗಿದ್ದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಬೇರೆ ಥರ ಹೇಳದಿದ್ದರೆ, ಕಾನೂನಿನಲ್ಲಿ ಪುಲ್ಲಿಂಗದ ಪದ ಬಂದಲ್ಲೆಲ್ಲ ಹೆಂಗಸರೂ ಸೇರುತ್ತಾರೆ ಅಂತ. ಒಳ್ಳೇದೇ ಆಯ್ತಲ್ಲ ಅಂದುಕೊಂಡ್ರಾ? ತಾಳಿ. 1867ರ ಮತದಾನದ ಕಾಯಿದೆಯಲ್ಲಿ 'ಮ್ಯಾನ್' ಅಂತಿತ್ತು. ಅದನ್ನು 'ಪರ್ಸನ್' ಮಾಡಿ ಅಂತ ಜಾನ್ ಸ್ಟುವರ್ಟ್ ಮಿಲ್ ಕೇಳಿದ, ಸೋತ. ಆಗ ಮ್ಯಾಂಚೆಸ್ಟರಿನ ಐದು ಸಾವಿರಕ್ಕೂ ಹೆಚ್ಚು ಹೆಂಗಸರು, 'ಮ್ಯಾನ್' ಅಂದ್ರೆ ನಾವೂ ಸೇರಿದ ಹಾಗೆ ಅಂತ ನೀವೇ ಕಾನೂನು ಮಾಡಿದ್ದೀರಲ್ಲ, ವೋಟು ಕೊಡಿ ಅಂತ ಪಟ್ಟು ಹಿಡಿದರು. 1868ರಲ್ಲಿ ಕೋರ್ಟು, ವೋಟಿನ ವಿಷಯದಲ್ಲಿ ಸೇರಲ್ಲ ಅಂದುಬಿಟ್ಟಿತು. ಗಂಡಸರಷ್ಟೇ ಸಮಾನವಾಗಿ ಅವರಿಗೆ ವೋಟು ಸಿಕ್ಕಿದ್ದು 1928ರಲ್ಲಿ. ಪುಲ್ಲಿಂಗ ಎಲ್ಲರನ್ನೂ ಒಳಗೊಳ್ಳುತ್ತೆ ಅನ್ನೋ ಮಾತು ಎಷ್ಟು ಟೊಳ್ಳು ಅಂತ ಗೊತ್ತಾಗೋಕೆ ಇದೊಂದೇ ಸಾಕು. ಅಂದಹಾಗೆ, ಅದೇ ನಿಯಮ ನಮ್ಮ ದೇಶಕ್ಕೂ ಬಂತು. 1897ರ ಜನರಲ್ ಕ್ಲಾಸಸ್ ಆಕ್ಟಿನಲ್ಲಿ ಇವತ್ತಿಗೂ ಇದೆ.

ನಡುವೆ 'ಥಾನ್' ಅನ್ನೋ ಹೊಸ ಪದ ಹುಟ್ಟಿಸಿ ಈ ತೊಡಕು ಬಿಡಿಸೋಕೆ ಹೊರಟವರೂ ಇದ್ರು. 1884ರಲ್ಲಿ ಪ್ರಕಟವಾದ ಆ ಪದ ಡಿಕ್ಷನರಿಗೂ ಹೋಗಿ, ಬಳಸೋರಿಲ್ಲದೆ ಹೊರಬಿತ್ತು. ಕೊನೆಗೆ ಗೆದ್ದಿದ್ದು ಹಳೇ 'ದೇ'. 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ಅದನ್ನೇ ವರ್ಷದ ಪದ ಅಂತ ಆರಿಸಿತು.

ಇದೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ 'ಅವರು'. ಡಾಕ್ಟರು ಬಂದರು, ಅವರು ನೋಡಿದರು ಅಂತೀವಿ. ಬಂದದ್ದು ಒಬ್ಬರೇ. ಗಂಡೋ ಹೆಣ್ಣೋ ಅಂತ ಹೇಳುವ ಗೊಡವೆಯೂ ಇಲ್ಲ. ಬಹುವಚನವನ್ನು ಒಬ್ಬರಿಗೆ ಬಳಸಿದರೆ ವ್ಯಾಕರಣ ಕೆಡುತ್ತೆ ಅಂತ ಕನ್ನಡದವರು ಯಾರೂ ಹೆದರಿಲ್ಲ, ಅದನ್ನು ಮರ್ಯಾದೆ ಅಂತ ಕರೆದರು. ಹಾಗಾಗಿ ನೀವೂ ಧೈರ್ಯವಾಗಿ 'ದೇರ್' ಅಂತ ಬರೀರಿ. ಯಾರಾದ್ರೂ ತಪ್ಪು ಅಂದ್ರೆ, ಮ್ಯಾಂಚೆಸ್ಟರಿನ ಆ ಹೆಂಗಸರ ಕತೆ ಹೇಳಿ.