ಹಳೆಯ ಕಾರುಗಳ ಹವಾನಿಯಂತ್ರಣ ವ್ಯವಸ್ಥೆಯ ದೋಷಪತ್ತೆ

ಹಳೆಯ ಕಾರುಗಳ ಹವಾನಿಯಂತ್ರಣ ವ್ಯವಸ್ಥೆಯ ದೋಷಪತ್ತೆ ಎಂದರೆ ತಂಪು ಗಾಳಿ ಕೊಡುವುದನ್ನು ನಿಲ್ಲಿಸಿದ ಅಥವಾ ಕಡಿಮೆ ಮಾಡಿದ ಎ.ಸಿ.ಯನ್ನು ಕ್ರಮವಾಗಿ ಪರೀಕ್ಷಿಸಿ, ಕೆಟ್ಟಿರುವ ಭಾಗ ಯಾವುದೆಂದು ಗುರುತಿಸುವ ವಿಧಾನ. ಹತ್ತು ಹದಿನೈದು ವರ್ಷ ದಾಟಿದ ಕಾರುಗಳಲ್ಲಿ ಈ ವ್ಯವಸ್ಥೆ ಕೆಡಲು ಅತಿ ಸಾಮಾನ್ಯ ಕಾರಣ ಶೀತಕ ಅನಿಲದ ಸೋರಿಕೆ. ಮೆಕ್ಯಾನಿಕರ ಮಾತಿನಲ್ಲಿ ಈ ಅನಿಲಕ್ಕೆ ‘ಗ್ಯಾಸ್’ ಎಂದೇ ಹೆಸರು. ಸೋರುವ ಜಾಗವನ್ನು ಹುಡುಕದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸಿಕೊಳ್ಳುವ ರೂಢಿ ವ್ಯಾಪಕವಾಗಿದ್ದು, ಅದರಿಂದ ಹಣ ಪೋಲಾಗುವುದರ ಜೊತೆಗೆ ವ್ಯವಸ್ಥೆಯ ಅತ್ಯಂತ ದುಬಾರಿ ಭಾಗವಾದ ಕಂಪ್ರೆಸರ್ ಕೂಡ ಹಾಳಾಗುವ ಸಂಭವವಿದೆ.

ಹಿನ್ನೆಲೆ

ಕಾರ್ಖಾನೆಯಲ್ಲಿಯೇ ಅಳವಡಿಸಿದ ಎ.ಸಿ.ಯನ್ನು ಮೊದಲು ನೀಡಿದ್ದು ಅಮೆರಿಕದ ಪ್ಯಾಕರ್ಡ್ ಸಂಸ್ಥೆ, ತನ್ನ ೧೯೪೦ರ ಮಾದರಿಯ ಕಾರುಗಳಲ್ಲಿ. ಅದರ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ತಂಪು ಬೇಡವೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು, ಬೆಲ್ಟನ್ನೇ ಕಳಚಬೇಕಾಗಿತ್ತು. ಭಾರತದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಂತಹ ಕಾರುಗಳಿಗೆ ಹೊರಗಿನ ವರ್ಕ್‌ಶಾಪುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಎ.ಸಿ. ಕೂರಿಸಿಕೊಳ್ಳುವುದೂ ಇತ್ತು. ಅಂತಹ ಕಾರುಗಳ ವೈರಿಂಗ್ ತಯಾರಕರ ನಕ್ಷೆಗೆ ಹೊಂದುವುದಿಲ್ಲವಾದ್ದರಿಂದ ದೋಷಪತ್ತೆ ಹೆಚ್ಚು ತಾಳ್ಮೆಯನ್ನು ಬೇಡುತ್ತದೆ.

ಕಾರ್ಯವಿಧಾನ

ಎಂಜಿನ್ನಿನಿಂದ ಬೆಲ್ಟಿನ ಮೂಲಕ ತಿರುಗುವ ಕಂಪ್ರೆಸರ್ ಶೀತಕ ಅನಿಲವನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟುಕೊಟ್ಟು ದ್ರವವಾಗುತ್ತದೆ. ತೇವಾಂಶ ಹೀರುವ ಡ್ರೈಯರನ್ನು ದಾಟಿ, ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ರಂಧ್ರದಿಂದ ಹೊರಬಿದ್ದಾಗ ಒತ್ತಡ ಥಟ್ಟನೆ ಇಳಿಯುತ್ತದೆ. ಆಗ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಆ ದ್ರವ ಆವಿಯಾಗುತ್ತಾ ಕಾರಿನೊಳಗಿನ ಶಾಖವನ್ನು ಹೀರಿಕೊಂಡು ಮತ್ತೆ ಕಂಪ್ರೆಸರಿಗೆ ಮರಳುತ್ತದೆ.

ಈ ಸುತ್ತು ಮುಚ್ಚಿದ ಸುತ್ತು. ‘ಗ್ಯಾಸ್ ಖಾಲಿಯಾಗಿದೆ’ ಎಂಬ ಮಾತು ‘ಪೆಟ್ರೋಲ್ ಖಾಲಿಯಾಗಿದೆ’ ಎಂಬಂತೆ ಕೇಳಿಸುವುದರಿಂದ ಅನೇಕರು ಗ್ಯಾಸನ್ನು ಇಂಧನವೆಂದೇ ಭಾವಿಸುತ್ತಾರೆ. ಎ.ಸಿ. ಎಷ್ಟು ಹೊತ್ತು ಓಡಿದರೂ ಗ್ಯಾಸ್ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಅದು ಎಲ್ಲಿಂದಲೋ ಹೊರಗೆ ಹೋಗಿದೆ. ಹಳೆಯ ರಬ್ಬರ್ ಹೋಸುಗಳ ಮೂಲಕ ಹಲವು ವರ್ಷಗಳಲ್ಲಿ ಸ್ವಲ್ಪ ಪ್ರಮಾಣ ಜಿನುಗುವುದು ಸಹಜ. ಒಂದೇ ವರ್ಷದಲ್ಲಿ ತಂಪು ಪೂರ್ತಿ ನಿಂತರೆ ಅದು ಸಹಜವಲ್ಲ. ಕಂಪ್ರೆಸರಿನ ಎಣ್ಣೆ ಗ್ಯಾಸಿನೊಂದಿಗೇ ಸುತ್ತುವುದರಿಂದ ಸೋರಿಕೆಯಲ್ಲಿ ಎಣ್ಣೆಯೂ ಹೋಗುತ್ತದೆ. ಎಣ್ಣೆಯನ್ನು ಸರಿದೂಗಿಸದೆ ಗ್ಯಾಸ್ ಮಾತ್ರ ತುಂಬುತ್ತಾ ಹೋದರೆ ಕಂಪ್ರೆಸರ್ ಸವೆದು ಹಿಡಿದುಕೊಳ್ಳುತ್ತದೆ. ಆಗ ಉದುರಿದ ಲೋಹದ ಪುಡಿ ಕಂಡೆನ್ಸರಿನವರೆಗೂ ಹರಡಿ, ಹೊಸ ಕಂಪ್ರೆಸರ್ ಹಾಕಿದರೂ ಅದನ್ನು ಕೆಡಿಸಬಲ್ಲದು.

ಪ್ರಾಥಮಿಕ ಪರೀಕ್ಷೆ

ಯಾವ ಉಪಕರಣವೂ ಇಲ್ಲದೆ ತಿಳಿಯಬಹುದಾದ ಸಂಗತಿಗಳು ಹಲವು. ಗಾಳಿಯೇ ಬರದಿದ್ದರೆ ದೋಷ ಬ್ಲೋವರ್, ಅದರ ಫ್ಯೂಸ್ ಅಥವಾ ವೇಗ ನಿಯಂತ್ರಿಸುವ ರೆಸಿಸ್ಟರಿನಲ್ಲಿರುತ್ತದೆ. ಗಾಳಿ ತಣ್ಣಗಿದ್ದೂ ದುರ್ಬಲವಾಗಿದ್ದರೆ ಕೂಲಿಂಗ್ ಕಾಯಿಲ್ ಧೂಳಿನಿಂದ ಮುಚ್ಚಿಕೊಂಡಿರಬಹುದು. ಹಳೆಯ ಅನೇಕ ಕಾರುಗಳಲ್ಲಿ ಒಳಗಾಳಿಯನ್ನು ಸೋಸುವ ಫಿಲ್ಟರ್ ಇಲ್ಲದಿರುವುದರಿಂದ ಕಾಯಿಲ್ ಮೇಲೆ ಒಣ ಎಲೆ, ಕೂದಲು, ಒಮ್ಮೊಮ್ಮೆ ಇಲಿಯ ಗೂಡು ಸಿಗುವುದೂ ಉಂಟು. ಎ.ಸಿ. ಓಡುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ದೋಷವಲ್ಲ. ಆ ನೀರು ಹೊರಗೆ ಬೀಳದೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತಿದ್ದರೆ ನೀರು ಹೋಗುವ ಕೊಳವೆ ಕಟ್ಟಿಕೊಂಡಿದೆ ಎಂದರ್ಥ.

ಕಾರು ಓಡುವಾಗ ತಂಪಾಗಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿಗಾಳಿ ಬಂದರೆ ಮೊದಲು ಕಂಡೆನ್ಸರಿನ ಫ್ಯಾನನ್ನು ನೋಡಬೇಕು. ಗ್ಯಾಸ್ ಸರಿಯಾಗಿದ್ದೂ ತಂಪು ಸಾಲದಿದ್ದರೆ ಹೀಟರಿನ ವಾಲ್ವ್ ಪೂರ್ತಿ ಮುಚ್ಚದೆ ಎಂಜಿನ್ನಿನ ಬಿಸಿನೀರು ಒಳಗೆ ಹರಿಯುತ್ತಿರಬಹುದು. ಇದು ಕೆಲವು ರೂಪಾಯಿಗಳ ಕೇಬಲ್ ಸರಿಪಡಿಸುವುದರಿಂದಲೇ ನಿವಾರಣೆಯಾಗಬಹುದಾದ ದೋಷ. ಆದರೂ ಹಲವು ಕಡೆ ಇದನ್ನು ಕೊನೆಗೆ ನೋಡುತ್ತಾರೆ.

ಕಂಪ್ರೆಸರ್ ಕ್ಲಚ್

ಎಂಜಿನ್ ಓಡುತ್ತಿರುವಾಗ, ಬೆಲ್ಟಿನಿಂದ ಕೈ ಮತ್ತು ಬಟ್ಟೆಯನ್ನು ದೂರವಿಟ್ಟು, ಕಂಪ್ರೆಸರಿನ ಮುಂಭಾಗದ ತಟ್ಟೆಯನ್ನು ಗಮನಿಸಬೇಕು. ಎ.ಸಿ. ಗುಂಡಿ ಒತ್ತಿದ ಕೂಡಲೇ ‘ಟಕ್’ ಎಂಬ ಸದ್ದಿನೊಡನೆ ಆ ತಟ್ಟೆ ಪುಲ್ಲಿಯೊಡನೆ ತಿರುಗತೊಡಗಿದರೆ ವಿದ್ಯುತ್ ಭಾಗ ಬಹುಮಟ್ಟಿಗೆ ಸರಿಯಿದೆ. ತಿರುಗದಿದ್ದರೆ ಫ್ಯೂಸ್, ರಿಲೇ, ಥರ್ಮೋಸ್ಟಾಟ್ ಮತ್ತು ಪ್ರೆಷರ್ ಸ್ವಿಚ್‌ಗಳನ್ನು ಈ ಕ್ರಮದಲ್ಲಿ ಪರೀಕ್ಷಿಸಬೇಕು. ಗ್ಯಾಸ್ ತೀರಾ ಕಡಿಮೆಯಾದಾಗ ಕಂಪ್ರೆಸರನ್ನು ಉಳಿಸಲೆಂದೇ ಪ್ರೆಷರ್ ಸ್ವಿಚ್ ವಿದ್ಯುತ್ತನ್ನು ಕಡಿದುಹಾಕುತ್ತದೆ. ಆ ಸ್ವಿಚ್ಚಿಗೆ ತಂತಿ ಜೋಡಿಸಿ ದಾಟಿಸಿ ಕಂಪ್ರೆಸರನ್ನು ಓಡಿಸುತ್ತಲೇ ಇರುವುದು ಅತ್ಯಂತ ಅಪಾಯಕಾರಿ ಅಡ್ಡದಾರಿ.

ಕ್ಲಚ್ಚಿನ ಕಾಯಿಲ್ಲಿಗೆ ೧೨ ವೋಲ್ಟ್ ತಲುಪುತ್ತಿದ್ದೂ ತಟ್ಟೆ ಅಂಟದಿದ್ದರೆ ಕಾಯಿಲ್ ಸುಟ್ಟಿರಬಹುದು, ಇಲ್ಲವೆ ತಟ್ಟೆ ಸವೆದು ನಡುವಿನ ಅಂತರ ಹೆಚ್ಚಾಗಿರಬಹುದು. ಬೆಳಿಗ್ಗೆ ಚೆನ್ನಾಗಿ ಓಡಿ, ಎಂಜಿನ್ ಕಾದ ಮೇಲೆ ಬಿಟ್ಟುಬಿಡುವ ಕ್ಲಚ್ ಈ ಸವೆತದ ಲಕ್ಷಣ. ಅನೇಕ ಕಂಪ್ರೆಸರುಗಳಲ್ಲಿ ತಟ್ಟೆಯ ಹಿಂದಿನ ತೆಳುವಾದ ವಾಷರ್ ಒಂದನ್ನು ತೆಗೆದು ಅಂತರವನ್ನು ಸರಿಪಡಿಸಬಹುದು. ಇದಕ್ಕೆ ಗ್ಯಾಸ್ ಹೊರಬಿಡುವ ಅಗತ್ಯವಿಲ್ಲ.

ಒತ್ತಡದ ಪರೀಕ್ಷೆ

ಕ್ಲಚ್ ಹಿಡಿದೂ ತಂಪಾಗದಿದ್ದರೆ ಗೇಜುಗಳನ್ನು ಜೋಡಿಸಬೇಕು. ಎಂಜಿನ್ ನಿಂತು ಎಲ್ಲ ಭಾಗಗಳೂ ೩೦ ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ, ಆರ್-೧೩೪ಎ ಇರುವ ವ್ಯವಸ್ಥೆಯ ಎರಡೂ ಬದಿಗಳಲ್ಲಿ ಸುಮಾರು ೯೫ರಿಂದ ೧೦೦ ಪಿಎಸ್‌ಐ ಒತ್ತಡವಿರುತ್ತದೆ. ಒಳಗೆ ಸ್ವಲ್ಪವಾದರೂ ದ್ರವರೂಪದ ಶೀತಕ ಉಳಿದಿರುವವರೆಗೂ ಇದೇ ಅಂಕಿ ಕಾಣುವುದರಿಂದ, ಈ ಪರೀಕ್ಷೆಯೊಂದರಿಂದಲೇ ಗ್ಯಾಸ್ ಸಾಕಷ್ಟಿದೆ ಎಂದು ತೀರ್ಮಾನಿಸಲಾಗದು.

ಎಂಜಿನ್ ಓಡುವಾಗ ಎರಡೂ ಬದಿಯ ಒತ್ತಡ ಕಡಿಮೆಯಿದ್ದರೆ ಗ್ಯಾಸ್ ಕೊರತೆ. ಎರಡೂ ಹೆಚ್ಚಿದ್ದರೆ ಕಂಡೆನ್ಸರ್ ಮುಚ್ಚಿಕೊಂಡಿರಬಹುದು, ಫ್ಯಾನ್ ನಿಂತಿರಬಹುದು, ಗ್ಯಾಸ್ ಅತಿಯಾಗಿರಬಹುದು ಅಥವಾ ಒಳಗೆ ಗಾಳಿ ಸೇರಿರಬಹುದು. ಕೆಳಬದಿ ಹೆಚ್ಚಿದ್ದು ಮೇಲ್ಬದಿ ಕಡಿಮೆಯಿದ್ದರೆ ಕಂಪ್ರೆಸರ್ ಸವೆದಿದೆ. ಮೊದಲು ತಂಪಾಗಿ, ಕ್ರಮೇಣ ಕೆಳಬದಿಯ ಮುಳ್ಳು ಸೊನ್ನೆಗಿಂತ ಕೆಳಗಿಳಿದು ತಂಪು ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುವಂತಿದ್ದರೆ ಒಳಗಿನ ತೇವಾಂಶ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಹಿಮವಾಗಿ ಕಟ್ಟುತ್ತಿದೆ ಎಂದು ತಿಳಿಯಬೇಕು.

ಸೋರಿಕೆಯ ಪತ್ತೆ

ಗ್ಯಾಸ್ ಜೊತೆಗೆ ಎಣ್ಣೆಯೂ ಹೊರಬರುವುದರಿಂದ, ಪೈಪಿನ ಜೋಡಣೆಗಳಲ್ಲಿ ಕಾಣುವ ಧೂಳು ಮೆತ್ತಿದ ಜಿಡ್ಡಿನ ಕಲೆಯೇ ಮೊದಲ ಸುಳಿವು. ಅಲ್ಲಿ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಏಳಬಹುದು. ಸೂಕ್ಷ್ಮ ಸೋರಿಕೆಗೆ ಎಲೆಕ್ಟ್ರಾನಿಕ್ ಶೋಧಕ, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ, ಅಥವಾ ವ್ಯವಸ್ಥೆಯನ್ನು ಬರಿದು ಮಾಡಿ ಒಣ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ಕಾಯುವ ವಿಧಾನಗಳಿವೆ. ಜೋಡಣೆಗಳ ಓ-ರಿಂಗ್‌ಗಳು, ಕಲ್ಲೇಟು ತಿನ್ನುವ ಕಂಡೆನ್ಸರ್, ಕಂಪ್ರೆಸರಿನ ಶಾಫ್ಟ್ ಸೀಲ್ ಮತ್ತು ಕೂಲಿಂಗ್ ಕಾಯಿಲ್ ಸಾಮಾನ್ಯವಾಗಿ ಸೋರುವ ಸ್ಥಳಗಳು. ತಿಂಗಳುಗಟ್ಟಲೆ ಎ.ಸಿ. ಹಾಕದಿದ್ದರೆ ಶಾಫ್ಟ್ ಸೀಲ್ ಎಣ್ಣೆಯಿಲ್ಲದೆ ಒಣಗುವುದರಿಂದ ಮಳೆಗಾಲ, ಚಳಿಗಾಲಗಳಲ್ಲೂ ಆಗಾಗ ಹತ್ತು ನಿಮಿಷ ಓಡಿಸುವುದು ಒಳಿತು.

ಸೋರಿಕೆ ಸರಿಪಡಿಸಿದ ಬಳಿಕ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಪಂಪನ್ನು ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ಒತ್ತಡ ಅಷ್ಟು ಇಳಿದಾಗ ಒಳಗೆ ಉಳಿದ ನೀರು ಸಾಧಾರಣ ಉಷ್ಣಾಂಶದಲ್ಲೇ ಕುದಿದು ಆವಿಯಾಗಿ ಹೊರಹೋಗುತ್ತದೆ. ಅನಂತರ ಬಾನೆಟ್ಟಿನ ಅಡಿಯ ಚೀಟಿಯಲ್ಲಿ ನಮೂದಿಸಿದ ತೂಕದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಸಣ್ಣ ಕಾರುಗಳಲ್ಲಿ ಇದು ಅರ್ಧ ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ.

ಶೀತಕದ ಬದಲಾವಣೆ

೧೯೯೦ರ ದಶಕದ ಆರಂಭದವರೆಗಿನ ಕಾರುಗಳಲ್ಲಿ ಆರ್-೧೨ ಎಂಬ ಶೀತಕ ಬಳಕೆಯಲ್ಲಿತ್ತು. ಅದು ಓಜೋನ್ ಪದರವನ್ನು ನಾಶಮಾಡುವುದರಿಂದ ೧೯೮೭ರ ಮಾಂಟ್ರಿಯಲ್ ಒಪ್ಪಂದದ ಅನ್ವಯ ಹಂತಹಂತವಾಗಿ ನಿಷೇಧಕ್ಕೊಳಗಾಯಿತು. ಭಾರತ ಈ ಒಪ್ಪಂದಕ್ಕೆ ೧೯೯೨ರಲ್ಲಿ ಸೇರಿತು. ಆರ್-೧೨ರ ಕಾರಿಗೆ ಆರ್-೧೩೪ಎ ಹಾಕುವುದು ಸಾಧ್ಯ, ಆದರೆ ಒಂದರ ಮೇಲೊಂದು ತುಂಬುವಂತಿಲ್ಲ. ಆರ್-೧೨ರೊಡನೆ ಬಳಸುತ್ತಿದ್ದ ಖನಿಜ ಎಣ್ಣೆ ಆರ್-೧೩೪ಎಯಲ್ಲಿ ಬೆರೆಯದೆ ಕಂಪ್ರೆಸರಿಗೆ ಮರಳುವುದಿಲ್ಲ. ಆದ್ದರಿಂದ ಎಣ್ಣೆ, ಡ್ರೈಯರ್, ಓ-ರಿಂಗ್‌ಗಳನ್ನು ಬದಲಿಸಿ, ಮೊದಲಿದ್ದ ತೂಕಕ್ಕಿಂತ ಸ್ವಲ್ಪ ಕಡಿಮೆ ತುಂಬಲಾಗುತ್ತದೆ. ಹೀಗೆ ಮಾರ್ಪಡಿಸಿದ ಕಾರಿನಲ್ಲಿ ತಂಪು ತುಸು ಕಡಿಮೆಯೆನಿಸುವುದುಂಟು.

ಅಗ್ಗವೆಂದು ಅಡುಗೆ ಅನಿಲವನ್ನೋ ಅದರಂತಹ ಹೈಡ್ರೋಕಾರ್ಬನ್ ಮಿಶ್ರಣವನ್ನೋ ತುಂಬುವವರೂ ಇದ್ದಾರೆ. ಅದು ತಂಪು ಕೊಡುತ್ತದೆ ನಿಜ; ಆದರೆ ಕೂಲಿಂಗ್ ಕಾಯಿಲ್ ಸೋರಿದರೆ ಸುಲಭವಾಗಿ ಹತ್ತಿಕೊಳ್ಳುವ ಆ ಅನಿಲ ಕಿಟಕಿ ಮುಚ್ಚಿದ ಕಾರಿನೊಳಗೇ ತುಂಬಿಕೊಳ್ಳುತ್ತದೆ.

ಸುರಕ್ಷತೆ

ಆರ್-೧೩೪ಎ ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಮೈನಸ್ ೨೬ ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಚಿಮ್ಮಿದ ದ್ರವ ಕಣ್ಣಿಗೆ ತಗುಲಿದರೆ ದೃಷ್ಟಿಗೇ ಹಾನಿಯಾಗಬಹುದು. ಕನ್ನಡಕ, ಕೈಗವಸು ಇಲ್ಲದೆ ಯಾವ ಜೋಡಣೆಯನ್ನೂ ಸಡಿಲಿಸಬಾರದು. ಬೆಂಕಿಗೆ ಅಥವಾ ಕೆಂಪಗೆ ಕಾದ ಲೋಹಕ್ಕೆ ತಗುಲಿದ ಶೀತಕದಿಂದ ವಿಷಾನಿಲಗಳು ಹುಟ್ಟುವುದರಿಂದ ಗ್ಯಾಸ್ ಇರುವ ಪೈಪಿಗೆ ವೆಲ್ಡಿಂಗ್ ಮಾಡುವುದು ನಿಷಿದ್ಧ. ಆರ್-೧೩೪ಎ ಓಜೋನ್ ಪದರವನ್ನು ಕೆಡಿಸುವುದಿಲ್ಲವಾದರೂ, ನೂರು ವರ್ಷಗಳ ಲೆಕ್ಕದಲ್ಲಿ ಅದರ ತಾಪವರ್ಧಕ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು ೧,೪೦೦ ಪಟ್ಟು. ಒಂದು ಸಣ್ಣ ಕಾರಿನ ಅರ್ಧ ಕಿಲೋ ಗ್ಯಾಸನ್ನು ಗಾಳಿಗೆ ಬಿಟ್ಟರೆ ಅದು ಸುಮಾರು ೭೦೦ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ದುರಸ್ತಿಗೆ ಮುನ್ನ ಉಳಿದ ಗ್ಯಾಸನ್ನು ಯಂತ್ರದ ಸಹಾಯದಿಂದ ಸಿಲಿಂಡರಿಗೆ ಹಿಂಪಡೆಯುವ ಸೌಲಭ್ಯ ದೊಡ್ಡ ವರ್ಕ್‌ಶಾಪುಗಳಲ್ಲಿ ಲಭ್ಯವಿದ್ದು, ಹೀಗೆ ಪಡೆದ ಗ್ಯಾಸನ್ನು ಶುದ್ಧೀಕರಿಸಿ ಮತ್ತೆ ಬಳಸಬಹುದು.