ಭಾರತೀಯ ಫ್ಲ್ಯಾಪ್‌ಶೆಲ್ ಆಮೆ

ಭಾರತೀಯ ಫ್ಲ್ಯಾಪ್‌ಶೆಲ್ ಆಮೆಯು (ಲಿಸ್ಸೆಮಿಸ್ ಪಂಕ್ಟೇಟಾ) ಟ್ರಯೋನಿಕಿಡೇ ಕುಟುಂಬಕ್ಕೆ ಸೇರಿದ, ಮೆದುಚಿಪ್ಪಿನ ಒಂದು ಸಣ್ಣ ಸಿಹಿನೀರಿನ ಆಮೆ. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ ಮತ್ತು ಶ್ರೀಲಂಕಾಗಳಲ್ಲಿ ಕಂಡುಬರುತ್ತದೆ. ಕೆರೆ, ಹೊಂಡ, ಕಾಲುವೆ, ಭತ್ತದ ಗದ್ದೆ ಹಾಗೂ ನಿಧಾನವಾಗಿ ಹರಿಯುವ ಹಳ್ಳಗಳು ಇದರ ನೆಲೆಗಳು.

ದೇಹರಚನೆ

ಇದರ ಬೆನ್ನುಚಿಪ್ಪಿನ ಮೇಲೆ ಇತರ ಆಮೆಗಳಿಗಿರುವಂತಹ ಗಟ್ಟಿ ಫಲಕಗಳಿಲ್ಲ. ಒಳಗಿನ ಮೂಳೆಯನ್ನು ನುಣುಪಾದ ಚರ್ಮ ಮುಚ್ಚಿರುತ್ತದೆ. ಹೊಟ್ಟೆಯ ಕಡೆಯ ಚಿಪ್ಪಿನ ಹಿಂಭಾಗದಲ್ಲಿ ಎರಡು ಚರ್ಮದ ಮಡಿಕೆಗಳಿವೆ. ಹಿಂಗಾಲುಗಳನ್ನು ಒಳಗೆಳೆದುಕೊಂಡಾಗ ಇವು ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ. ಫ್ಲ್ಯಾಪ್‌ಶೆಲ್ ಎಂಬ ಹೆಸರು ಬಂದಿರುವುದು ಇದರಿಂದಲೇ. ಪಂಕ್ಟೇಟಾ ಎಂದರೆ ಚುಕ್ಕೆಗಳುಳ್ಳದ್ದು ಎಂದರ್ಥ. ಆದರೆ ಹಳದಿ ಚುಕ್ಕೆಗಳು ಎದ್ದು ಕಾಣುವುದು ಉತ್ತರ ಭಾರತದ ಉಪಪ್ರಭೇದದಲ್ಲಿ. ದಕ್ಷಿಣದ ಆಮೆಯ ಬೆನ್ನು ಸಾಮಾನ್ಯವಾಗಿ ಚುಕ್ಕೆಗಳಿಲ್ಲದ ಹಸಿರುಮಿಶ್ರಿತ ಕಂದು. ಮೂತಿ ಚಿಕ್ಕ ಕೊಳವೆಯಂತೆ ಮುಂದಕ್ಕೆ ಚಾಚಿರುವುದರಿಂದ, ದೇಹವನ್ನು ನೀರಿನಲ್ಲಿ ಮುಳುಗಿಸಿಕೊಂಡೇ ಉಸಿರಾಡಬಲ್ಲದು.

ಜೀವನಕ್ರಮ

ಕಪ್ಪೆ, ಮೀನು, ಬಸವನಹುಳು, ಕೀಟ, ಜಲಸಸ್ಯಗಳ ಜೊತೆಗೆ ಸತ್ತ ಪ್ರಾಣಿಗಳನ್ನೂ ತಿನ್ನುವುದರಿಂದ ಇದು ನೀರನ್ನು ಶುಚಿಗೊಳಿಸುವ ಜೀವಿಯೂ ಹೌದು. ಹೆಣ್ಣು ದಡದ ಮಣ್ಣಿನಲ್ಲಿ ಗುಳಿ ತೋಡಿ ದುಂಡನೆಯ ಮೊಟ್ಟೆಗಳನ್ನಿಡುತ್ತದೆ. ಅವು ಒಡೆದು ಮರಿಗಳು ಹೊರಬರಲು ಹಲವು ತಿಂಗಳುಗಳೇ ಬೇಕು.

ನೀರು ಬತ್ತಿದಾಗ ಈ ಆಮೆ ಕೆಸರಿನಲ್ಲಿ ಹೂತುಕೊಂಡು, ಚಟುವಟಿಕೆಯನ್ನು ತೀರಾ ತಗ್ಗಿಸಿ, ಮಳೆಗಾಗಿ ಕಾಯುತ್ತದೆ. ಇದಕ್ಕೆ ಗ್ರೀಷ್ಮನಿದ್ರೆ ಎನ್ನುತ್ತಾರೆ. ಬರ ದೀರ್ಘವಾದರೆ ಕೆಲವು ಮಣ್ಣಿನಲ್ಲೇ ಸಾಯುವುದೂ ಉಂಟು. ಕೊಪ್ಪಳ ಜಿಲ್ಲೆಯಂತಹ ಅರೆಶುಷ್ಕ ಪ್ರದೇಶದಲ್ಲಿ ಈ ಗುಣದ ಮಹತ್ವ ಸ್ಪಷ್ಟವಾಗುತ್ತದೆ. ಗಂಗಾವತಿಯ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ಕುಷ್ಟಗಿ, ಯಲಬುರ್ಗಾ ಕಡೆಯ ಕೆರೆಗಳು ಮಾತ್ರ ಮಳೆಯನ್ನೇ ನೆಚ್ಚಿಕೊಂಡಿವೆ. ಅಂತಹ ಕೆರೆಯಲ್ಲಿ ಬೇಸಿಗೆಯ ಒಣಗಿದ ಅಂಗಳ ನಿರ್ಜೀವವಾಗಿ ಕಂಡರೂ ಅದರ ಹೂಳಿನಡಿ ಜೀವವಿರಬಹುದು. ಹೂಳೆತ್ತುವ ಕೆಲಸ ನಡೆಯುವುದು ಅದೇ ಬೇಸಿಗೆಯಲ್ಲಿ. ಅಗೆಯುವಾಗ ಸಿಕ್ಕ ಆಮೆಯನ್ನು ಮಣ್ಣಿನೊಡನೆ ಸಾಗಿಸದೆ, ಅರಣ್ಯ ಇಲಾಖೆಗೆ ತಿಳಿಸುವುದು ಯೋಗ್ಯ.

ಸಂರಕ್ಷಣೆ

ಮಾಂಸಕ್ಕಾಗಿ ಬೇಟೆ, ಅಕ್ರಮ ಮಾರಾಟ, ಮೀನುಬಲೆಗೆ ಸಿಲುಕುವುದು ಹಾಗೂ ಕೆರೆಗಳ ಒತ್ತುವರಿ ಇದರ ಮುಖ್ಯ ಅಪಾಯಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಇದರ ಹೆಸರಿದೆ. ಆದ್ದರಿಂದ ಹಿಡಿಯುವುದು, ಮಾರುವುದಷ್ಟೇ ಅಲ್ಲ, ಮನೆಯ ತೊಟ್ಟಿಯಲ್ಲಿ ಸಾಕುವುದೂ ಅಪರಾಧ. ತುಂಗಭದ್ರಾ ನದಿಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನದಿಯ ಆಮೆಗಳಿಗೂ ಅದರ ಆಸರೆ ದೊರೆತಿದೆ. ಊರ ಕೆರೆಗಳಿಗೆ ಅಂತಹ ಕಾವಲಿಲ್ಲ.